ಮಲಬಾರ್ ಹಿಲ್ ಮೇಲಿಂದ ಮುಂಬೈ ಕಾಣಬೇಕಾದರೆ ಯಾವ ಹೊತ್ತಿಗೆ ಹೋಗಬೇಕು?

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ, ಊರು ಕುಂದಾಪುರದ ಕಡೆ. ದೀಪಾವಳಿ ಮುಗಿದ ಮೇಲೆ ಅಪ್ಪಯ್ಯ, ಅಮ್ಮ ಇಲ್ಲಿಗೆ ಬಂದು ಒಂದೆರಡು ತಿಂಗಳು ಇರುತ್ತಾರೆ. ಅಪ್ಪಯ್ಯನಿಗೆ 74. ಹುಡುಗನಾಗಿದ್ದಾಗ ಗಿರ್‌ಗಾಂವ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ರಜೆಯ ಸಂಜೆ ಮಲಬಾರ್ ಹಿಲ್ ಹತ್ತಿ ಮರೀನ್ ಡ್ರೈವ್ ದೀಪ ನೋಡುತ್ತಿದ್ದರಂತೆ. ಅದನ್ನು ಇನ್ನೊಮ್ಮೆ ನೋಡುವ ಆಸೆ ಅವರಿಗೆ. ಜಾಗ ಹೇಗಿದೆ ನೋಡೋಣ ಅಂತ ಕಳೆದ ಡಿಸೆಂಬರಿನಲ್ಲಿ ನಾನೂ ನಮ್ಮ ಯಜಮಾನರೂ ಬೆಳಿಗ್ಗೆ ಎಂಟಕ್ಕೇ ಕಮಲಾ ನೆಹರು ಪಾರ್ಕಿಗೆ ಹೋದೆವು. ಬರೀ ಬಿಳಿ ಮಬ್ಬು. ಕೆಳಗಿನ ಚೌಪಾಟಿ ಕಡಲತೀರ ಬಿಟ್ಟರೆ ಏನೂ ಕಾಣಲಿಲ್ಲ. ಹೊಸದಾಗಿ ಮರಗಳ ನಡುವೆ ಒಂದು ಕಾಲುದಾರಿ ಮಾಡಿದ್ದಾರಂತೆ, ಅಲ್ಲಿಂದ ಚೆನ್ನಾಗಿ ಕಾಣುತ್ತದಾ? ಅದಕ್ಕಿಂತ ಅಂಧೇರಿಯ ಗಿಲ್ಬರ್ಟ್ ಹಿಲ್ ವಾಸಿ ಅಂತ ಮಗ ಹೇಳುತ್ತಾನೆ. ಅಪ್ಪಯ್ಯನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಆಗುವುದಿಲ್ಲ. ಎಲ್ಲಿಗೆ, ಯಾವಾಗ ಕರೆದುಕೊಂಡು ಹೋಗಲಿ?

ಉತ್ತರ: ಬೆಟ್ಟ ನೀವು ಸರಿಯಾದದ್ದನ್ನೇ ಆರಿಸಿದ್ದೀರಿ. ಕೈಕೊಟ್ಟದ್ದು ಹೊತ್ತು. ಅದೇ ಪಾರ್ಕಿಗೆ, ಅದೇ ದಿನ ಸಂಜೆ ಐದಕ್ಕೆ ಹೋಗಿದ್ದರೆ ಬಹುಶಃ ನೀವು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಈ ಊರು ನೋಡಲು ಬಂದವರನ್ನು ಸುತ್ತಿಸುವುದೇ ನನ್ನ ಕೆಲಸ. ಬೆಳಿಗ್ಗೆ ಬೇಗ ಹೋದರೆ ಗಾಳಿ ಶುದ್ಧ, ನೋಟ ಸ್ಪಷ್ಟ ಅಂತ ಬಹಳ ಜನ ನಂಬಿದ್ದಾರೆ. ನಮ್ಮೂರಿನ ಬೆಟ್ಟಗಳಿಗೆ ಅದು ಸರಿ ಇರಬಹುದು. ಮುಂಬೈಯ ಚಳಿಗಾಲಕ್ಕೆ ಅದು ಪೂರ್ತಿ ಉಲ್ಟಾ.

ಮೊದಲು ದಿಕ್ಕು ನೋಡೋಣ. ಮರೀನ್ ಡ್ರೈವ್ ಬಳಸಿ ಹೋಗುವ ಕೊಲ್ಲಿಗೆ ಬ್ಯಾಕ್ ಬೇ ಅನ್ನುತ್ತಾರೆ. ಅದರ ಪಡು ಮಗ್ಗುಲಿಗೆ ಮಲಬಾರ್ ಹಿಲ್. ಆಚೆ ದಡದಲ್ಲಿ ಮರೀನ್ ಡ್ರೈವ್, ಅದರ ತುದಿಗೆ ನರಿಮನ್ ಪಾಯಿಂಟ್. ಅಂದರೆ ಪಾರ್ಕಿನ ಅಂಚಿನಲ್ಲಿ ನಿಂತವರ ಮುಖ ಪೂರ್ವ ಮತ್ತು ಆಗ್ನೇಯಕ್ಕೆ. ಬೆಳಿಗ್ಗೆ ಎಂಟಕ್ಕೆ ಸೂರ್ಯ ಇರುವುದೂ ಅಲ್ಲೇ, ಸರಿಯಾಗಿ ಊರಿನ ತಲೆಯ ಮೇಲೆ. ಕಟ್ಟಡಗಳ ಬೆನ್ನಿಗೆ ಬಿಸಿಲು, ನಿಮ್ಮ ಕಡೆಗಿರುವ ಮುಖಕ್ಕೆ ನೆರಳು. ಸಂಜೆ ಇದು ತಿರುಗುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಬರುತ್ತಾನೆ, ಮರೀನ್ ಡ್ರೈವಿನ ಕಟ್ಟಡಗಳ ಮುಖಕ್ಕೆ ನೇರ ಬಿಸಿಲು ಬೀಳುತ್ತದೆ. ಒಂದೊಂದು ಕಿಟಕಿಯೂ ಕಾಣುತ್ತದೆ.

ಮಬ್ಬಿನ ವಿಷಯಕ್ಕೂ ದಿಕ್ಕಿಗೂ ಸಂಬಂಧ ಇದೆ. ಗಾಳಿಯಲ್ಲಿ ತೇಲುವ ಸಣ್ಣ ಕಣಗಳು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆದರಿಸುವುದಿಲ್ಲ. ಬೆಳಕು ಹೋಗುತ್ತಿರುವ ದಿಕ್ಕಿಗೇ ಜಾಸ್ತಿ ಚೆದರಿಸುತ್ತವೆ. ಹಾಗಾಗಿ ಸೂರ್ಯನ ಕಡೆ ನೋಡಿದರೆ ಅದೇ ದೂಳು ಬೆಳ್ಳಗೆ ಹೊಳೆಯುತ್ತದೆ. ಸೂರ್ಯನಿಗೆ ಬೆನ್ನು ಹಾಕಿ ನೋಡಿದರೆ ಅಷ್ಟು ಕಣ್ಣಿಗೆ ಬೀಳುವುದಿಲ್ಲ. ಬಸ್ಸಿನ ಮುಂದಿನ ಗಾಜು ಕೊಳೆಯಾಗಿದ್ದಾಗ ಎದುರು ಬಿಸಿಲು ಬಂದರೆ ರಸ್ತೆಯೇ ಮಾಯ, ಬಸ್ಸು ಆಚೆ ತಿರುಗಿದರೆ ಗಾಜು ಸ್ವಚ್ಛ ಇದ್ದ ಹಾಗೆ. ನೀವು ನೋಡಿದ ಬಿಳಿ ಪರದೆಯಲ್ಲಿ ಅರ್ಧ ಪಾಲು ಈ ಬೆಳಕಿನದ್ದು.

ಇನ್ನರ್ಧ ನಿಜವಾದ ಹೊಗೆ, ದೂಳು. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಿಕೊಳ್ಳುತ್ತದೆ. ವಾಹನಗಳ ಹೊಗೆ, ಕಟ್ಟಡ ಕೆಲಸದ ದೂಳು, ರಸ್ತೆ ಅಗೆದ ಮಣ್ಣು ಯಾವುದೂ ಮೇಲೆ ಹೋಗುವುದಿಲ್ಲ. ಜೊತೆಗೆ ರಾತ್ರಿಯಿಡೀ ನೆಲದ ಕಡೆಯಿಂದ ಕಡಲ ಕಡೆಗೆ ಮೆಲ್ಲಗೆ ಗಾಳಿ ಬೀಸುತ್ತಿರುತ್ತದೆ. ಇಡೀ ಊರಿನ ಹೊಗೆಯನ್ನು ತಂದು ಬ್ಯಾಕ್ ಬೇ ಮೇಲೆ ಹಾಸುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಈ ಮುಚ್ಚಳ ಬಿಚ್ಚಿಕೊಳ್ಳುತ್ತದೆ, ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ. ಇದನ್ನು ನಿಮ್ಮ ಅಪ್ಪಯ್ಯನಿಗೆ ವಿವರಿಸಬೇಕಾಗಿಲ್ಲ. ಹಾಯಿ ದೋಣಿಯ ಕಾಲದಲ್ಲಿ ನಮ್ಮ ಕರಾವಳಿಯವರು ಬೆಳಗಿನ ನೆಲಗಾಳಿಯಲ್ಲಿ ಕಡಲಿಗಿಳಿದು, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದದ್ದು ಇದೇ ಲೆಕ್ಕದಲ್ಲಿ.

ಆದ್ದರಿಂದ ಸೂರ್ಯ ಮುಳುಗುವ ಒಂದು, ಒಂದೂವರೆ ಗಂಟೆ ಮೊದಲು ಮೇಲೆ ಇರಿ. ಮುಳುಗಿದ ಮೇಲೆ ಅರ್ಧ ಗಂಟೆ ನಿಲ್ಲಿ. ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದ ತನಕ ಮುಂಬೈಯಲ್ಲಿ ಸಂಜೆ ಆರರ ಆಸುಪಾಸಿಗೆಲ್ಲ ಸೂರ್ಯ ಮುಳುಗುತ್ತಾನೆ. ಜೂನ್ ಕೊನೆಗೆ ಅದೇ ಏಳೂಕಾಲು ದಾಟುತ್ತದೆ. ನೀವು ನಾಲ್ಕೂವರೆಗೆ ಪಾರ್ಕಿನಲ್ಲಿದ್ದರೆ ಬಿಸಿಲು, ಸಂಜೆ, ದೀಪ ಮೂರೂ ಸಿಗುತ್ತವೆ. ಒಂದು ಮಾತು ಮೊದಲೇ ಹೇಳಿಬಿಡಿ: ಕಮಲಾ ನೆಹರು ಪಾರ್ಕಿನಿಂದ ಸೂರ್ಯಾಸ್ತ ಕಾಣುವುದಿಲ್ಲ. ಅದು ಬೆನ್ನ ಹಿಂದೆ, ಬೆಟ್ಟದ ಇನ್ನೊಂದು ಮಗ್ಗುಲಿಗೆ. ಸೂರ್ಯ ಕಡಲಿಗಿಳಿಯುವುದನ್ನು ನೋಡಬೇಕು ಅನ್ನುವವರು ರಸ್ತೆಯಾಚೆಯ ಹ್ಯಾಂಗಿಂಗ್ ಗಾರ್ಡನ್ನಿನ ಪಡುವಣ ಅಂಚಿಗೆ ಹೋಗಬೇಕು. ಎರಡೂ ಕಡೆ ಓಡಾಡುವುದು ಮಂಡಿಗೆ ಶಿಕ್ಷೆ. ಕುಂದಾಪುರದವರಿಗೆ ಸೂರ್ಯಾಸ್ತ ತೋರಿಸಲು ಮುಂಬೈಗೆ ಕರೆತರಬೇಕಾ ಹೇಳಿ? ಬೈಂದೂರಿನ ಒತ್ತಿನೆಣೆಯಲ್ಲಿ ಅದು ಇದಕ್ಕಿಂತ ಚೆನ್ನಾಗಿದೆ. ಇಲ್ಲಿ ನೋಡಬೇಕಾದದ್ದು ಊರನ್ನು.

ತಿಂಗಳ ವಿಷಯ. ಮಳೆಗಾಲ ಮುಂಬೈಯಿಂದ ಹಿಂದೆ ಸರಿಯುವುದು ಸಾಮಾನ್ಯವಾಗಿ ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ. ನಾಲ್ಕು ತಿಂಗಳ ಮಳೆ ಗಾಳಿಯನ್ನು ತೊಳೆದಿರುತ್ತದೆ. ಸೆಪ್ಟೆಂಬರ್ ಕೊನೆಯ, ಅಕ್ಟೋಬರ್ ಮೊದಲ ಸಂಜೆಗಳಲ್ಲಿ ಬಂದರಿನಾಚೆಯ ಬೆಟ್ಟದ ಸಾಲೂ ಕಾಣುವುದುಂಟು. ಸೆಕೆ ಮಾತ್ರ ಜೋರು. ಅಪ್ಪಯ್ಯ, ಅಮ್ಮನನ್ನು ದೀಪಾವಳಿಗೆ ಮೊದಲೇ ಬನ್ನಿ ಅಂತ ಒಪ್ಪಿಸಲು ಸಾಧ್ಯವಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಆಗುವುದಿಲ್ಲ ಅಂದರೆ ಪಟಾಕಿಯ ಆ ವಾರ ಬಿಟ್ಟುಬಿಡಿ. ಆಮೇಲೆ ಒಳ್ಳೆಯ ದಿನ ಸಿಕ್ಕಿದ ಕೂಡಲೇ ಹೊರಡಿ, ಡಿಸೆಂಬರ್, ಜನವರಿಗೆ ತಳ್ಳಬೇಡಿ. ಚಳಿ ಬಲಿತಷ್ಟೂ ಮಬ್ಬು ಬಲಿಯುತ್ತದೆ. ಮಳೆಗಾಲದಲ್ಲಿ ಎರಡು ಮಳೆಯ ನಡುವಿನ ಬಿಡುವಿನಲ್ಲಿ ಸಿಗುವ ನೋಟಕ್ಕೆ ಸಾಟಿ ಇಲ್ಲ. ಆದರೆ ನೆಲ ಜಾರುತ್ತದೆ, 2020ರ ಆಗಸ್ಟ್ ಮಳೆಯಲ್ಲಿ ಈ ಬೆಟ್ಟದ ಒಂದು ಮಗ್ಗುಲು ಕುಸಿದು ರಸ್ತೆಯೂ ಹಾಳಾಗಿತ್ತು. ವಯಸ್ಸಾದವರನ್ನು ಕರೆದೊಯ್ಯುವ ಕಾಲ ಅದಲ್ಲ.

ಒಳ್ಳೆಯ ದಿನ ಯಾವುದು ಅಂತ ತಿಳಿಯಲು ಎರಡು ಉಪಾಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ಫೋನಿಗೆ ಹಾಕಿಕೊಳ್ಳಿ. ಅದರಲ್ಲಿ ಗಾಳಿಯ ಸೂಚ್ಯಂಕ ಬರುತ್ತದೆ. 50ರ ಒಳಗೆ ಇದ್ದರೆ ಒಳ್ಳೆಯದು, 100ರ ತನಕ ಪರವಾಗಿಲ್ಲ, 200 ದಾಟಿದರೆ ಕೆಟ್ಟದ್ದು ಅಂತ ಲೆಕ್ಕ. ಮಧ್ಯಾಹ್ನ ಒಂದಕ್ಕೆ ದಕ್ಷಿಣ ಮುಂಬೈ ಕಡೆಯ ಅಂಕಿ 100ರ ಸುತ್ತಮುತ್ತ ಇದ್ದರೆ ಧೈರ್ಯವಾಗಿ ಹೊರಡಿ. 150ರ ಮೇಲೆ ಇದ್ದರೆ ಇನ್ನೊಂದು ದಿನ ಕಾಯಿರಿ, ಅವರು ತಿಂಗಳುಗಟ್ಟಲೆ ಇರುತ್ತಾರಲ್ಲ. 200 ಆದರೆ ನೋಟದ ಮಾತಿರಲಿ, 74ರ ಶ್ವಾಸಕೋಶಕ್ಕೇ ಬೇಡ. ಎರಡನೆಯದು ಇನ್ನೂ ಸುಲಭ: ದಕ್ಷಿಣ ಮುಂಬೈಯಲ್ಲಿ ಕೆಲಸಕ್ಕೆ ಹೋಗುವವರು ಯಾರಾದರೂ ಗೊತ್ತಿದ್ದರೆ, ಮರೀನ್ ಡ್ರೈವಿನ ಉತ್ತರದ ತುದಿಯಿಂದ ನರಿಮನ್ ಪಾಯಿಂಟಿನ ಕಟ್ಟಡಗಳು ಕಾಣುತ್ತಿವೆಯಾ ಅಂತ ಫೋನ್ ಮಾಡಿ ಕೇಳಿ.

ಇನ್ನು ನಿಮ್ಮ ಅಪ್ಪಯ್ಯನಿಗೆ ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ. ಅವರ ವಯಸ್ಸಿನ ಲೆಕ್ಕ ಹಾಕಿದರೆ ಗಿರ್‌ಗಾಂವ್‌ನಲ್ಲಿ ಇದ್ದದ್ದು ಅರವತ್ತರ ದಶಕದ ಕೊನೆ, ಎಪ್ಪತ್ತರ ಮೊದಲ ಭಾಗ ಇರಬೇಕು. ಆಗ ನರಿಮನ್ ಪಾಯಿಂಟ್ ಅನ್ನುವುದು ಇನ್ನೂ ಕಡಲು ತುಂಬಿಸಿ, ಕಟ್ಟಡ ಎಬ್ಬಿಸುತ್ತಿದ್ದ ಜಾಗ. ಈಗ ಕೊಲ್ಲಿಯ ಆ ತುದಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಏರ್ ಇಂಡಿಯಾ ಕಟ್ಟಡ ಮುಗಿದದ್ದು 1974ರಲ್ಲಿ. ವಾಂಖೆಡೆ ಕ್ರೀಡಾಂಗಣದಲ್ಲಿ ಮೊದಲ ಟೆಸ್ಟ್ ನಡೆದದ್ದು 1975ರ ಜನವರಿಯಲ್ಲಿ. ಅವರ ನೆನಪಿನ ಚಿತ್ರದಲ್ಲಿ ಇವೆರಡೂ ಇಲ್ಲದೇ ಇರಬಹುದು, ಕೇಳಿ ನೋಡಿ. ಗಿರ್‌ಗಾಂವ್, ಗ್ರಾಂಟ್ ರೋಡ್ ಕಡೆ ಎದ್ದಿರುವ ಗೋಪುರಗಳಂತೂ ಖಂಡಿತ ಇರಲಿಲ್ಲ. ಹಂಚಿನ ಮಾಡಿನ ಚಾಳುಗಳ ನಡುವೆ ಅವು ಎಲ್ಲೆಲ್ಲೋ ನಿಂತಿವೆ.

ಹಾಗಂತ ಎಲ್ಲ ಹೋಯಿತು ಅಂದುಕೊಳ್ಳಬೇಡಿ. ಮರೀನ್ ಡ್ರೈವಿನ ಮುಂಸಾಲಿನ ಕಟ್ಟಡಗಳು ಹೆಚ್ಚುಕಡಿಮೆ ಹಾಗೇ ಇವೆ. 1930, 40ರ ದಶಕಗಳಲ್ಲಿ ಕಟ್ಟಿದ, ಸುಮಾರು ಒಂದೇ ಎತ್ತರದ, ದುಂಡು ಬಾಲ್ಕನಿಯ ಆರ್ಟ್ ಡೆಕೋ ಮನೆಗಳು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮುಂಬೈಯ ಕಟ್ಟಡಗಳಲ್ಲಿ ಇವೂ ಇವೆ. ಕೆಳಗೆ ಚೌಪಾಟಿ ಎದುರಿಗೆ ವಿಲ್ಸನ್ ಕಾಲೇಜಿನ ಕಲ್ಲಿನ ಕಟ್ಟಡ 1889ರದ್ದು, ಅದನ್ನು ಅವರು ತಕ್ಷಣ ಗುರುತಿಸುತ್ತಾರೆ. ಲೋಕಲ್ ಟ್ರೈನು ಚರ್ನಿ ರೋಡ್ ಕಡೆ ಹೋಗುವ ಸದ್ದೂ ಗಾಳಿ ಸರಿ ಇದ್ದರೆ ಮೇಲಿನ ತನಕ ಕೇಳುತ್ತದೆ.

ದೀಪಗಳ ಬಗ್ಗೆಯೂ ಹೇಳಬೇಕು. ರಾತ್ರಿ ಈ 3.6 ಕಿಲೋಮೀಟರ್ ರಸ್ತೆಯ ದೀಪದ ಸಾಲಿಗೆ ರಾಣಿಯ ಹಾರ ಅಂತ ಹೆಸರು ಬಂದದ್ದು ಎಲ್ಲರಿಗೂ ಗೊತ್ತು. 2015ರಲ್ಲಿ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದರು. ಹಾರ ಕೆಟ್ಟುಹೋಯಿತು ಅಂತ ಊರೆಲ್ಲ ಗಲಾಟೆ ಆಯಿತು. ಕೊನೆಗೆ ಹಳದಿ ಛಾಯೆಗೇ ಮರಳಿದರು. ನನ್ನ ಕಣ್ಣಿಗೆ ಆ ಗಲಾಟೆ ನ್ಯಾಯವಾದದ್ದೇ. ಬಿಳಿ ದೀಪದಲ್ಲಿ ಅದು ಯಾವ ಹೆದ್ದಾರಿಯಾದರೂ ಆಗಬಹುದಿತ್ತು. ಆದರೂ ಇವತ್ತು ಹಿಂದಿನ ಕಟ್ಟಡಗಳ ಬೆಳಕು, ಜಾಹೀರಾತು ಫಲಕ, ವಾಹನಗಳ ಸಾಲು ಸೇರಿ ಹಾರ ಮೊದಲಿನಷ್ಟು ಎದ್ದು ಕಾಣುವುದಿಲ್ಲ. ಅದಕ್ಕೇ ಪೂರ್ತಿ ಕತ್ತಲಾಗುವವರೆಗೆ ಕಾಯಬೇಕಾಗಿಲ್ಲ. ದೀಪ ಹತ್ತಿ, ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವ ಆ ಇಪ್ಪತ್ತು, ಇಪ್ಪತ್ತೈದು ನಿಮಿಷವೇ ಚೆಂದ. ಕಡಲಿನ ವಕ್ರ ರೇಖೆಯೂ ಕಾಣುತ್ತದೆ, ದೀಪವೂ ಕಾಣುತ್ತದೆ. ಫೋಟೊಗೂ ಅದೇ ಹೊತ್ತು.

ಬೆಟ್ಟ ಅಂದಾಕ್ಷಣ ಭಾರೀ ಎತ್ತರ ಅಂತಲ್ಲ. ಮಲಬಾರ್ ಹಿಲ್ ಸಮುದ್ರಮಟ್ಟದಿಂದ ಐವತ್ತು ಮೀಟರಿನ ಆಸುಪಾಸು ಅಷ್ಟೆ. ಪಕ್ಕದ ಆಲ್ಟಾಮೌಂಟ್ ರಸ್ತೆಯ ಅಂಬಾನಿ ಮನೆಯೇ 173 ಮೀಟರ್. ಇಲ್ಲಿನ ನೋಟದ ಗುಟ್ಟು ಎತ್ತರದಲ್ಲಿಲ್ಲ, ಕೊಲ್ಲಿಯ ಬಾಗಿದ ದಡಕ್ಕೆ ಸರಿಯಾಗಿ ಓರೆಯಾಗಿ ನಿಂತಿರುವುದರಲ್ಲಿ ಇದೆ. ಅಂದಹಾಗೆ ಈಗ ಈ ಬೆಟ್ಟದ ಹೊಟ್ಟೆಯೊಳಗೆ ಕೋಸ್ಟಲ್ ರೋಡಿನ ಎರಡು ಸುರಂಗಗಳೂ ಹೋಗಿವೆ. ತಲಾ ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ, ಮೊದಲನೆಯದು 2024ರ ಮಾರ್ಚಿನಲ್ಲಿ ಸಂಚಾರಕ್ಕೆ ತೆರೆಯಿತು. ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ನೀವು ಕೇಳಿದ ಮರಗಳ ನಡುವಿನ ದಾರಿ ಕಮಲಾ ನೆಹರು ಪಾರ್ಕಿನ ಹಿಂಭಾಗದಲ್ಲಿ, ಸಿರಿ ರಸ್ತೆಯ ಕಡೆಯಿಂದ ಶುರು. ಮಹಾನಗರ ಪಾಲಿಕೆ 2025ರ ಮಾರ್ಚ್ 30ರಂದು, ಗುಡಿಪಾಡ್ವದ ದಿನ ಅದನ್ನು ತೆರೆಯಿತು. 485 ಮೀಟರ್ ಉದ್ದ, 2.4 ಮೀಟರ್ ಅಗಲ. ಇಳಿಜಾರಿನ ಕಾಡಿನ ಮೇಲೆ ಕಂಬ ನಿಲ್ಲಿಸಿ ಹಲಗೆ ಹಾಸಿದ್ದಾರೆ. ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ತೆಗೆದು, ಒಂದು ಗಂಟೆಯ ಪಾಳಿ ಆರಿಸಿಕೊಳ್ಳಬೇಕು. ತೆರೆದಾಗ ಭಾರತೀಯರಿಗೆ 25 ರೂಪಾಯಿ, ಒಂದು ಪಾಳಿಗೆ 200 ಜನ ಅಂತ ನಿಗದಿ ಮಾಡಿದ್ದರು. ಶನಿವಾರ, ಭಾನುವಾರದ ಸಂಜೆ ಪಾಳಿಗಳು ಬೇಗ ತುಂಬುತ್ತವೆ, ಎರಡು ಮೂರು ದಿನ ಮೊದಲೇ ನೋಡಿ.

ಅಲ್ಲಿಂದ ಚೆನ್ನಾಗಿ ಕಾಣುತ್ತದಾ ಅಂದರೆ, ಕಡಲ ಕಡೆ ಚಾಚಿಕೊಂಡಿರುವ ಕಟ್ಟೆಯೊಂದರಿಂದ ಚೌಪಾಟಿ ಕಾಣುತ್ತದೆ. ಕಾಲ ಕೆಳಗೆ ಗಾಜೂ ಹಾಕಿದ್ದಾರೆ, ಮಕ್ಕಳಿಗೆ ಖುಷಿ. ಆದರೆ ಉಳಿದ ದಾರಿಯುದ್ದಕ್ಕೂ ಎರಡೂ ಕಡೆ ಮರ. ಅದು ಇರುವುದೇ ಕಾಡು ತೋರಿಸಲು, ಊರು ತೋರಿಸಲು ಅಲ್ಲ. ಪಕ್ಕದಲ್ಲೇ ಪಾರ್ಸಿಗಳ ಡೂಂಗರ್‌ವಾಡಿಯ ಕಾಡು, ಅಂದರೆ ಅವರು ತೀರಿಕೊಂಡವರ ದೇಹವನ್ನು ರಣಹದ್ದುಗಳಿಗೆ ಬಿಡುತ್ತಿದ್ದ ಜಾಗ. ಅದಕ್ಕೆ ಹೊರಗಿನವರಿಗೆ ಪ್ರವೇಶ ಇಲ್ಲ, ಇಣುಕುವ ಪ್ರಯತ್ನವೂ ಬೇಡ. ನಿಮ್ಮ ಅಪ್ಪಯ್ಯ ಇದ್ದ ಕಾಲದಲ್ಲಿ ಆ ಕಾಡಿನ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು, ಅವರಿಗೆ ನೆನಪಿರುತ್ತದೆ. ಈಗ ಒಂದೂ ಇಲ್ಲ. ದನಕರುಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ಔಷಧ ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆಗೆ ಹೋಗಿ, ಮೂತ್ರಪಿಂಡ ಕೆಟ್ಟು, ತೊಂಬತ್ತರ ದಶಕದಿಂದ ಇಡೀ ದೇಶದಲ್ಲಿ ಅವು ಸಾಲುಸಾಲಾಗಿ ಸತ್ತವು. ಪಶುಗಳಿಗೆ ಆ ಔಷಧ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ಮುಂಬೈಯ ಮಟ್ಟಿಗೆ ತಡವಾಗಿತ್ತು. ಈಗ ಮೇಲೆ ಸುತ್ತುವುದು ಬರೀ ಹದ್ದು.

ಮಂಡಿನೋವಿನವರಿಗೆ ಈ ದಾರಿ ಬೇಕಾ? ಹೋಗಿ ಅದೇ ದಾರಿಯಲ್ಲಿ ಬಂದರೆ ಒಂದು ಕಿಲೋಮೀಟರಿಗೆ ಹತ್ತಿರ ನಡಿಗೆ. ಅದನ್ನು ಮುಗಿಸಿ ಪಾರ್ಕಿಗೆ ಬರುವಾಗ ಕಾಲು ಸೋತಿರುತ್ತದೆ, ಮುಖ್ಯವಾದ ನೋಟ ನೋಡಲು ಉತ್ಸಾಹವೇ ಇರುವುದಿಲ್ಲ. ನೀವೂ ಮಗನೂ ಇನ್ನೊಂದು ದಿನ ಬೆಳಿಗ್ಗೆ ಹೋಗಿ. ಹಕ್ಕಿಗಳಿಗೆ ಬೆಳಗಿನ ಹೊತ್ತೇ ಸರಿ, ಮಬ್ಬು ಅಲ್ಲಿ ಅಡ್ಡಿ ಮಾಡುವುದಿಲ್ಲ. ಅಪ್ಪಯ್ಯನ ಸಂಜೆಯನ್ನು ಪಾರ್ಕಿಗೇ ಮೀಸಲಿಡಿ.

ಪಾರ್ಕಿಗೂ ಹ್ಯಾಂಗಿಂಗ್ ಗಾರ್ಡನ್ನಿಗೂ ಟಿಕೆಟ್ ಇಲ್ಲ. ಪಾರ್ಕಿನೊಳಗೆ ಮರಾಠಿಯವರು ‘ಮ್ಹಾತಾರಿಚಾ ಬೂಟ್’ ಅನ್ನುವ ಆ ದೊಡ್ಡ ಬೂಟಿನ ಆಕಾರದ ಮನೆ ಇದೆ. ಅಮ್ಮನಿಗೆ ಅದರ ಮುಂದೆ ಒಂದು ಫೋಟೊ ತೆಗೆಯಿರಿ. ಅಲ್ಲಿಂದ ನಿಧಾನಕ್ಕೆ ಕೊಲ್ಲಿಯ ಕಡೆಯ ಅಂಚಿಗೆ ನಡೆಯಿರಿ. ಕೆಲವು ಕಡೆ ಮರಗಳು ಬೆಳೆದು ನೋಟಕ್ಕೆ ಅಡ್ಡ ಬಂದಿವೆ, ಎರಡು ಮೂರು ಜಾಗ ಬದಲಿಸಿ ನೋಡಿ. ಕೂರಲು ಬೆಂಚು ಸಿಕ್ಕಿದ ಕೂಡಲೇ ಹಿಡಿದುಬಿಡಿ, ಐದೂವರೆ ಮೇಲೆ ಒಂದೂ ಖಾಲಿ ಇರುವುದಿಲ್ಲ.

ಹ್ಯಾಂಗಿಂಗ್ ಗಾರ್ಡನ್ನಿನ ನಿಜವಾದ ಹೆಸರು ಫಿರೋಜ್‌ಶಾ ಮೆಹ್ತಾ ಉದ್ಯಾನ. ಅದು ಇರುವುದು ಒಂದು ಜಲಾಶಯದ ಮಾಡಿನ ಮೇಲೆ. ಬ್ರಿಟಿಷರ ಕಾಲದ ಆ ತೊಟ್ಟಿಯಿಂದ ಇವತ್ತಿಗೂ ದಕ್ಷಿಣ ಮುಂಬೈಗೆ ನೀರು ಹೋಗುತ್ತದೆ. ರಣಹದ್ದುಗಳು ತುಂಡು ಬೀಳಿಸಿ ನೀರು ಕೆಡಬಾರದು ಅಂತ ಮುಚ್ಚಿ ತೋಟ ಮಾಡಿದರು ಅನ್ನುವುದು ಜನ ಹೇಳುವ ಕಥೆ, ಅದನ್ನು ಕಥೆಯಾಗಿಯೇ ಕೇಳಿ. ತೊಟ್ಟಿಯ ಮೇಲಿರುವುದರಿಂದ ಒಳಗೆ ಬಹುಪಾಲು ಸಮತಟ್ಟು, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳು ಇವೆ. ಜಲಾಶಯ ಕೆಡವಿ ಹೊಸದು ಕಟ್ಟುವ ಯೋಜನೆಗೆ 2023ರಲ್ಲಿ ಸ್ಥಳೀಯರು ಜೋರಾಗಿ ವಿರೋಧ ಮಾಡಿದರು. ದುರಸ್ತಿ ಸಾಕು ಅಂತ ತೀರ್ಮಾನವಾದ್ದರಿಂದ ತೋಟ ಉಳಿಯಿತು. ಸಮಯ ಮಿಕ್ಕಿದರೆ ಹತ್ತು ನಿಮಿಷ ಕೂತು ಬನ್ನಿ, ಇಲ್ಲದಿದ್ದರೂ ನಷ್ಟ ಇಲ್ಲ.

ಗಿಲ್ಬರ್ಟ್ ಹಿಲ್ ಬಗ್ಗೆ ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ಸರಿ. ಅದು ಮುಂಬೈಯಲ್ಲಿ ನೋಡಲೇಬೇಕಾದ ಕಲ್ಲು. ಸುಮಾರು 200 ಅಡಿ ಎತ್ತರದ ಕಪ್ಪು ಬಸಾಲ್ಟ್ ಬಂಡೆ, ನೆಟ್ಟಗೆ ನಿಲ್ಲಿಸಿದ ಕಂಬಗಳ ಕಟ್ಟಿನ ಹಾಗಿದೆ. ದಖನ್ನಿನ ಲಾವಾ ಹರಿದ ಕಾಲದ್ದು, ಆರು ಕೋಟಿ ವರ್ಷಕ್ಕಿಂತ ಹಳೆಯದು. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ಅವನು ನೋಡಿದ್ದರೆ ತಕ್ಷಣ ನೆನಪಾಗುತ್ತದೆ. ಲಾವಾ ನಿಧಾನಕ್ಕೆ ಆರುವಾಗ ಕುಗ್ಗಿ, ಬಿರುಕು ಬಿಟ್ಟು ಕಂಬಗಳಾಗುವ ಕ್ರಮ ಎರಡೂ ಕಡೆ ಒಂದೇ. ಮಲ್ಪೆಯದ್ದು ಇನ್ನೂ ಹಳೆಯದು, ಎಂಟೂವರೆ ಕೋಟಿ ವರ್ಷ ದಾಟಿದ್ದು, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು. ಕಲ್ಲಿನ ಜಾತಿಯೂ ಬೇರೆ. ಗಿಲ್ಬರ್ಟ್ ಹಿಲ್ ಮೇಲೆ ಗಾವ್‌ದೇವಿ ದೇವಸ್ಥಾನ ಇದೆ. ಅಲ್ಲಿಗೆ ಬಂಡೆಯಲ್ಲೇ ಕಡಿದ ಕಡಿದಾದ ಮೆಟ್ಟಿಲು. ಅಪ್ಪಯ್ಯನಿಗೆ ಸುತರಾಂ ಬೇಡ. ಮೇಲಿಂದ ಕಾಣುವುದೂ ಅಂಧೇರಿಯ ಗೋಪುರಗಳು, ಕೆಳಗೆ ಬಂಡೆಗೆ ಒತ್ತಿಕೊಂಡ ಜೋಪಡಿಗಳು. ಸುತ್ತ ಕಟ್ಟಡಗಳು ಇಷ್ಟು ಹತ್ತಿರ ಬಂದಿರುವುದು ನೋಡಿದರೆ ಬೇಸರವಾಗುತ್ತದೆ. ಮಗ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದರೆ ಖಂಡಿತ ಹೋಗಲಿ. ಕಡಲ ನೋಟಕ್ಕೆ ಅಂತ ಹೋಗಬೇಕಾಗಿಲ್ಲ.

ಕಾನ್ಹೇರಿ ಗುಹೆಗಳ ಮೇಲಿನ ಬಂಡೆಯಿಂದ ಕಾಡಿನಾಚೆ ಬೋರಿವಲಿಯ ಊರು ಕಾಣುತ್ತದೆ, ಅದೂ ಮೆಟ್ಟಿಲಿನ ಜಾಗವೇ. ಸೋಮವಾರ ರಜೆ. ಮಾಟುಂಗಾ, ಸಯಾನ್ ಕಡೆಯವರಿಗೆ ಸಯಾನ್ ಕೋಟೆ ಹತ್ತಿರ. ಇವೆಲ್ಲ ಬೇರೆ ದಿನಕ್ಕೆ, ಬೇರೆಯವರಿಗೆ.

ಪ್ರಯಾಣ ಹೀಗೆ ಮಾಡಿ. ಡೊಂಬಿವಲಿಯಿಂದ ದಾದರಿಗೆ ಬಂದು ವೆಸ್ಟರ್ನ್ ಲೈನಿಗೆ ಬದಲಾಯಿಸಿ ಚರ್ನಿ ರೋಡಿನಲ್ಲಿ ಇಳಿಯುವುದು ನಕ್ಷೆಯಲ್ಲಿ ಹತ್ತಿರ. ಆದರೆ ದಾದರಿನ ಸೇತುವೆ ಮಂಡಿನೋವಿನವರಿಗೆ ಅಲ್ಲ. ನೇರ ವಿಟಿಗೆ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ನಿಲ್ದಾಣಕ್ಕೆ ಬನ್ನಿ. ಹಳಿ ಅಲ್ಲೇ ಮುಗಿಯುವುದರಿಂದ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮಿನ ತುದಿಯಿಂದ ಸೀದಾ ಹೊರಗೆ ನಡೆಯಬಹುದು. ಅಲ್ಲಿಂದ ಟ್ಯಾಕ್ಸಿ ಹಿಡಿದು ಮರೀನ್ ಡ್ರೈವ್ ಮೇಲೆಯೇ ಹೋಗಿ ಅಂತ ಚಾಲಕರಿಗೆ ಹೇಳಿ. ಅವರು ಒಳದಾರಿ ಹಿಡಿಯುವುದುಂಟು. ಕೆಳಗೆ ಒಮ್ಮೆ ಹಾದುಹೋದದ್ದನ್ನೇ ಮೇಲಿಂದ ನೋಡಿದರೆ ಯಾವುದು ಎಲ್ಲಿ ಅಂತ ಸುಲಭಕ್ಕೆ ಗೊತ್ತಾಗುತ್ತದೆ. ಅಪ್ಪಯ್ಯ ಫಿಯಾಟ್ ಟ್ಯಾಕ್ಸಿಗೆ ಹುಡುಕಾಡಿದರೆ ಪಾಪ, ಆ ಫಿಯಾಟ್, ಅಂದರೆ ಪ್ರೀಮಿಯರ್ ಪದ್ಮಿನಿ, 2023ರ ಅಕ್ಟೋಬರಿಗೆ ರಸ್ತೆಯಿಂದ ಹೋಯಿತು. ‘ಬೆಸ್ಟ್’ ಅನ್ನುವ ಮುಂಬೈ ನಗರ ಸಾರಿಗೆ ಬಸ್ಸುಗಳೂ ಕಮಲಾ ನೆಹರು ಪಾರ್ಕ್ ತನಕ ಹೋಗುತ್ತವೆ. ಆದರೆ ವಯಸ್ಸಾದವರಿಬ್ಬರ ಜೊತೆ ಹೋಗುವಾಗ ಟ್ಯಾಕ್ಸಿಗೆ ಜಿಪುಣತನ ಬೇಡ. ಅಪ್ಪಯ್ಯ ಹುಡುಗನಾಗಿ ಹತ್ತುತ್ತಿದ್ದದ್ದು ಬಹುಶಃ ಚೌಪಾಟಿಯಿಂದ ಮೇಲೆ ಬರುವ ಸಿರಿ ರಸ್ತೆ. “ಅದರಲ್ಲೇ ಹೋಗುವ, ಏನಾಗ್ತದೆ?” ಅಂತ ಅವರು ಹೊರಡಬಹುದು. ಒಪ್ಪಬೇಡಿ, ಏರು ಜೋರಿದೆ.

ಬೆಟ್ಟದ ಇನ್ನೊಂದು ಮಗ್ಗುಲಿನ ಬಾಣಗಂಗಾ ಕೆರೆಯನ್ನೂ ಸೇರಿಸಬಹುದಾ ಅಂತ ಕೇಳುತ್ತೀರಿ ಅಂತ ಗೊತ್ತು. ಕರಾವಳಿಯವರಿಗೆ ಅದು ಬೇರೆ ಊರಲ್ಲ. ಈಗಿನ ಕೆರೆಯನ್ನು 1715ರಲ್ಲಿ ಕಟ್ಟಿಸಿದ್ದು ರಾಮ ಕಾಮತಿ ಅನ್ನುವ ಸಾರಸ್ವತ ವ್ಯಾಪಾರಿ. ದಂಡೆಯಲ್ಲೇ ಕಾಶಿ ಮಠ, ಕವಳೆ ಮಠ ಇವೆ. ಕಡಲಿಗೆ ಇಷ್ಟು ಹತ್ತಿರ ಇದ್ದರೂ ನೀರು ಸಿಹಿ. ಅಮ್ಮನಿಗೆ ಬೆಟ್ಟಕ್ಕಿಂತ ಇದೇ ಹಿಡಿಸಬಹುದು. ಆದರೆ ನಾಲ್ಕೂ ಸುತ್ತ ಮೆಟ್ಟಿಲು, ಒಳಗಿನ ಓಣಿಗಳಲ್ಲಿ ನಡಿಗೆ ಇದೆ. ಮೂರಕ್ಕೇ ಮುಟ್ಟುವುದಾದರೆ ಮೊದಲು ಅದನ್ನು ನೋಡಿ, ಮೇಲಿನ ದಂಡೆಯಿಂದಲೇ ಕೈ ಮುಗಿದು, ಟ್ಯಾಕ್ಸಿಯಲ್ಲಿ ಪಾರ್ಕಿಗೆ ಬನ್ನಿ. ಸಂಜೆಯ ನಂತರಕ್ಕೆ ಇಡಬೇಡಿ.

ಊಟಕ್ಕೆ ಮಾಟುಂಗಾದಲ್ಲಿ ಇಳಿಯುವ ಯೋಚನೆ ಇದ್ದರೆ, ಸ್ಟೇಷನ್ ಪಕ್ಕದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಊಟ ಹಾಕುತ್ತಿದೆ. ಹೋಟೆಲಿನಲ್ಲಿ ದುಡಿದವರಿಗೆ ಆ ಬಡಿಸುವ ವೇಗ ನೋಡುವುದೇ ಒಂದು ಸಂತೋಷ. ಅದು ಮೊದಲ ಮಹಡಿಯಲ್ಲಿದೆ, ಮಂಡಿಯ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ದಿನ ಯಾವುದು? ವಾರದ ದಿನಗಳಲ್ಲಿ ಸಂಜೆ ಏಳಕ್ಕೆ ವಿಟಿಯಿಂದ ಡೊಂಬಿವಲಿಯ ಲೋಕಲಿಗೆ ಅವರನ್ನು ಹತ್ತಿಸುವ ಮಾತೇ ಬೇಡ, ನಿಮಗೆ ಗೊತ್ತೇ ಇದೆ. ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆ ಅಂತ ಕೆಲವು ಗಂಟೆ ಟ್ರೈನು ನಿಲ್ಲಿಸುವುದು; ಪಾರ್ಕಿನಲ್ಲೂ ಜಾತ್ರೆ. ಬ್ಯಾಂಕುಗಳಿಗೆ ರಜೆ ಇರುವ ಎರಡನೆಯ ಅಥವಾ ನಾಲ್ಕನೆಯ ಶನಿವಾರ ನನ್ನ ಆಯ್ಕೆ. ಟ್ರೈನಿನಲ್ಲೂ ಸ್ವಲ್ಪ ಉಸಿರಾಡಬಹುದು, ಬೆಟ್ಟದ ಮೇಲೂ ಜಾಗ ಇರುತ್ತದೆ. ಆರೂಮುಕ್ಕಾಲಿಗೆ ಕೆಳಗಿಳಿದು ಚೌಪಾಟಿಯಲ್ಲಿ ಭೇಲ್ ತಿಂದು, ಎಂಟೂವರೆ ಕಳೆದ ಮೇಲೆ ವಿಟಿಗೆ ಬನ್ನಿ. ಅಲ್ಲೇ ಹೊರಡುವ ಡೊಂಬಿವಲಿ ಅಥವಾ ಕಲ್ಯಾಣ್ ಲೋಕಲ್ ಹಿಡಿದರೆ ಸೀಟು ಸಿಗುತ್ತದೆ. ಎಸಿ ಲೋಕಲ್ ಆ ಹೊತ್ತಿಗೆ ಇದ್ದರೆ ಅದರ ಸಮಯ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.